ಕೊಳದ ಪಾಚಿ: ಅದರ ಕಾರಣ ಮತ್ತು ಹತೋಟಿ

ಸಹ್ಯಾದ್ರಿಯ ಪಡುವಣ ಮಗ್ಗುಲಲ್ಲಿರುವ ನಮ್ಮ ಸಾಂಗೆ ತಾಲೂಕಿನಲ್ಲಿ ನಿಂತ ನೀರಿಗೆ ಕೊರತೆಯಿಲ್ಲ. ದೇವಾಲಯಗಳ ಮುಂದಿನ ತಳಿಗಳು, ಅಡಕೆ ತೆಂಗುಗಳ ಕುಳಾಗರದ ಹೊಂಡಗಳು, ಗದ್ದೆಗಳ ಮೇಲುಗಡೆಯ ಕೆರೆಗಳು, ಚಿರೆಕಲ್ಲು ಕಡಿದು ಬಿಟ್ಟ ಗುಂಡಿಗಳಲ್ಲಿ ತುಂಬಿದ ಮಳೆನೀರು, ಹೀಗೆ ಸಣ್ಣ ದೊಡ್ಡ ಜಲಸ್ಥಾನಗಳು ಅನೇಕವಿವೆ. ಮಳೆ ನಿಂತ ಕಾರ್ತಿಕ ಮಾಸದಲ್ಲಿ ತಿಳಿಯಾಗಿ ಕಾಣುವ ನೀರು ಶಿವರಾತ್ರಿ ಕಳೆಯುವ ಹೊತ್ತಿಗೆ ಹಲವೆಡೆ ಹಸಿರಾಗುತ್ತದೆ. ಕೆಲವು ಕಡೆ ಅದರ ಮೇಲೆ ಕಂಬಳಿ ಹೊದಿಸಿದಂತೆ ತೋರುತ್ತದೆ. ಕೆಲವು ಕಡೆ ಬಣ್ಣವನ್ನೇ ಕಲಸಿದಂತಿರುತ್ತದೆ. ‘ನೀರು ಕೆಟ್ಟಿತು’ ಎಂದು ಜನರು ಆಡಿಕೊಳ್ಳುತ್ತಾರೆ. ಯಾರೋ ಒಬ್ಬರು ಬ್ಲೀಚಿಂಗ್ ಪುಡಿಯನ್ನೋ ಮೈಲುತುತ್ತವನ್ನೋ ತಂದು ಸುರಿಯುತ್ತಾರೆ. ಹಸಿರು ಮಾಯವಾಗುತ್ತದೆ, ಕೆಲವು ವಾರಗಳಲ್ಲಿ ಮರಳಿ ಬರುತ್ತದೆ. ಅದು ಏಕೆ ಬಂದಿತು, ಹೋದದ್ದು ಎಲ್ಲಿಗೆ ಹೋಯಿತು, ಮತ್ತೆ ಏಕೆ ಮರಳಿತು ಎಂಬ ಮೂರು ಪ್ರಶ್ನೆಗಳನ್ನು ವಿದ್ಯಾರ್ಥಿಗಳೂ ಅವರ ಪಾಲಕರೂ ಒಟ್ಟಿಗೆ ಕುಳಿತು ವಿಚಾರಮಾಡಲಿ ಎಂಬ ಆಶೆಯಿಂದ ಈ ಲೇಖನವನ್ನು ಬರೆಯುತ್ತಿದ್ದೇವೆ.

ಮೊದಲು ಪಾಚಿ ಎಂದರೇನೆಂಬುದನ್ನು ನೋಡೋಣ. ಇದನ್ನೇ ಹಾವಸೆ ಎಂದೂ, ಸಂಸ್ಕೃತದಲ್ಲಿ ಶೈವಲವೆಂದೂ ಕರೆಯುವರು. ನೀರಿನ ಮೇಲೆ ತೇಲುವ ಹಸಿರೆಲ್ಲವೂ ಪಾಚಿಯಲ್ಲ. ಅಂತರಗಂಗೆಗೆ ಬೇರು, ಎಲೆ, ಹೂ ಎಲ್ಲವೂ ಉಂಟು. ಕಾಳಿನಷ್ಟೇ ಚಿಕ್ಕದಾದ ತೇಲುಸೊಪ್ಪಿಗೂ ಕೂದಲಿನಂಥ ಬೇರಿದೆ. ನಿಜವಾದ ಪಾಚಿಗೆ ಬೇರಿಲ್ಲ, ಕಾಂಡವಿಲ್ಲ, ಎಲೆಯಿಲ್ಲ, ಹೂವಂತೂ ಇಲ್ಲವೇ ಇಲ್ಲ. ಅದರ ಅನೇಕ ಜಾತಿಗಳಲ್ಲಿ ಒಂದೇ ಒಂದು ಜೀವಕೋಶವೇ ಇಡೀ ದೇಹ. ಆದರೂ ಅದು ಪತ್ರಹರಿತ್ತಿನ ಬಲದಿಂದ ಮಾವಿನ ಮರ ಮಾಡುವ ಕೆಲಸವನ್ನೇ ಮಾಡುತ್ತದೆ: ಬಿಸಿಲನ್ನು ಹಿಡಿದು, ನೀರನ್ನೂ ಇಂಗಾಲಾಮ್ಲ ವಾಯುವನ್ನೂ ಸೇರಿಸಿ ತನ್ನ ಆಹಾರವನ್ನು ತಾನೇ ಸಿದ್ಧಪಡಿಸಿಕೊಂಡು, ಆಮ್ಲಜನಕವನ್ನು ಹೊರಕ್ಕೆ ಬಿಡುತ್ತದೆ. ನಮ್ಮ ದೇಶದಲ್ಲಿ ಈ ಶಾಸ್ತ್ರಕ್ಕೆ ತಳಹದಿ ಹಾಕಿದವರು ಮದರಾಸಿನಲ್ಲಿ ದುಡಿದ ಎಂ. ಓ. ಪಿ. ಅಯ್ಯಂಗಾರ್ಯರು (1886-1963). ಜನರು ಕಾಲಿನಿಂದ ತಳ್ಳಿ ಮುಂದೆ ಹೋಗುವ ಹಾವಸೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಒಂದು ಆಯುಷ್ಯವನ್ನೇ ಅದಕ್ಕೆ ಮುಡಿಪಾಗಿಸಿದರು ಅವರು.

ಪಾಚಿಯನ್ನು ಕೇವಲ ಕೊಳಕೆಂದು ತಿಳಿಯುವುದು ತಪ್ಪು. ಭೂಮಿಯ ವಾಯುಮಂಡಲದಲ್ಲಿ ಆಮ್ಲಜನಕ ತುಂಬತೊಡಗಿದ್ದು ಸುಮಾರು 240 ಕೋಟಿ ವರ್ಷಗಳ ಹಿಂದೆ. ಅದನ್ನು ತುಂಬಿದವು ನೀಲಿ-ಹಸಿರು ಪಾಚಿಯೆಂದು ಕರೆಯಲ್ಪಡುವ ಸೂಕ್ಷ್ಮಜೀವಿಗಳು. (ಶಾಸ್ತ್ರಜ್ಞರು ಈಗ ಇವನ್ನು ಬ್ಯಾಕ್ಟೀರಿಯಗಳ ಗುಂಪಿಗೆ ಸೇರಿಸುತ್ತಾರೆ, ಹಳೆಯ ಹೆಸರು ಮಾತ್ರ ಉಳಿದುಕೊಂಡಿದೆ.) ಭತ್ತದ ಗದ್ದೆಯ ನೀರಿನಲ್ಲಿ ಇವೇ ಗಾಳಿಯ ಸಾರಜನಕವನ್ನು ಹಿಡಿದು ನೆಲಕ್ಕೆ ಕೊಡುತ್ತವೆಂಬುದನ್ನು 1939ರಲ್ಲಿ ಬಂಗಾಲದ ಪಿ. ಕೆ. ಡೇ ಅವರು ತೋರಿಸಿಕೊಟ್ಟರು. ಕೊಳದಲ್ಲಿಯೂ ಮಿತವಾದ ಪಾಚಿ ಬೇಕೇ ಬೇಕು. ಅದನ್ನು ನೀರ್ಚಿಗಟದಂಥ ಸಣ್ಣ ಪ್ರಾಣಿಗಳು ತಿನ್ನುತ್ತವೆ, ಅವನ್ನು ಮೀನುಮರಿಗಳು ತಿನ್ನುತ್ತವೆ. ಪಾಚಿಯೇ ಇಲ್ಲದ ಕೊಳದಲ್ಲಿ ಮೀನೂ ಇರದು. ಆದ್ದರಿಂದ ನಾವು ಹೆದರಬೇಕಾದದ್ದು ಪಾಚಿಗೆ ಅಲ್ಲ, ಅದರ ಅತಿಯಾದ ಬೆಳವಣಿಗೆಗೆ.

ಅತಿಯಾಗಿ ಬೆಳೆಯಲು ಅದಕ್ಕೆ ಏನು ಬೇಕು? ಬಿಸಿಲು ಬೇಕು, ಬೆಚ್ಚಗಿನ ನಿಂತ ನೀರು ಬೇಕು, ಆಹಾರ ಬೇಕು. ಮೊದಲಿನ ಎರಡು ನಮ್ಮ ಸೀಮೆಯಲ್ಲಿ ಧಾರಾಳ. ಮಳೆಗಾಲದಲ್ಲಿ ಮೋಡ ಕವಿದಿರುತ್ತದೆ, ನೀರು ಕೆಮ್ಮಣ್ಣಿನಿಂದ ಕದಡಿರುತ್ತದೆ, ಕೋಡಿ ಹರಿದು ಕೊಳವನ್ನು ಮತ್ತೆ ಮತ್ತೆ ತೊಳೆಯುತ್ತದೆ. ಆಗ ಪಾಚಿಗೆ ನೆಲೆನಿಲ್ಲಲು ಬಿಡುವಿಲ್ಲ. ಮಳೆ ನಿಂತ ಮೇಲೆ ಮಣ್ಣು ಕೆಳಗಿಳಿಯುತ್ತದೆ, ಬೆಳಕು ಒಳಹೊಗುತ್ತದೆ, ನೀರು ಹರಿಯುವುದು ನಿಲ್ಲುತ್ತದೆ. ಬೇಸಗೆಯಲ್ಲಿ ನೀರು ಕಡಮೆಯಾದಂತೆ ಅದರಲ್ಲಿ ಕರಗಿರುವ ಆಹಾರ ಮಂದವಾಗುತ್ತದೆ, ಪಾಯಸವನ್ನು ಒಲೆಯ ಮೇಲೆ ಬತ್ತಿಸಿದಂತೆ. ಬಿಸಿಲನ್ನಾಗಲಿ ಬೇಸಗೆಯನ್ನಾಗಲಿ ನಾವು ತಡೆಯಲಾರೆವು. ನಮ್ಮ ಕೈಯಲ್ಲಿರುವುದು ಮೂರನೆಯದೊಂದೇ, ಅಂದರೆ ಆಹಾರ.

ಈ ಆಹಾರದಲ್ಲಿ ಸಾರಜನಕವೂ ಇದೆ, ರಂಜಕವೂ ಇದೆ. ಯಾವುದು ಮುಖ್ಯ ಎಂಬ ವಿವಾದ ಬಹುಕಾಲ ನಡೆಯಿತು. 1973ರಲ್ಲಿ ಕೆನಡಾ ದೇಶದ ಡೇವಿಡ್ ಶಿಂಡ್ಲರ್ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ ಇದನ್ನು ಪರೀಕ್ಷಿಸಲು ಒಂದು ಇಡೀ ಸರೋವರವನ್ನೇ ಬಳಸಿದರು. ಒಂಟಾರಿಯೋ ಪ್ರಾಂತದ ಕಾಡಿನಲ್ಲಿ 226 ಎಂಬ ಸಂಖ್ಯೆಯಿಂದಲೇ ಹೆಸರಾದ ಆ ಸರೋವರಕ್ಕೆ ನಡುವೆ ಸೊಂಟದಂತೆ ಕಿರಿದಾದ ಭಾಗವಿತ್ತು. ಅಲ್ಲಿ ಒಂದು ಗಟ್ಟಿ ಪರದೆಯನ್ನು ತಳಮುಟ್ಟ ಇಳಿಬಿಟ್ಟು ನೀರನ್ನು ಎರಡಾಗಿ ಭಾಗಿಸಿದರು. ಒಂದು ಭಾಗಕ್ಕೆ ಇಂಗಾಲವನ್ನೂ ಸಾರಜನಕವನ್ನೂ ಹಾಕಿದರು. ಇನ್ನೊಂದಕ್ಕೆ ಅವೆರಡರ ಜತೆಗೆ ರಂಜಕವನ್ನೂ ಹಾಕಿದರು. ರಂಜಕ ಬಿದ್ದ ಭಾಗ ದಟ್ಟ ಹಸಿರಾಯಿತು. ಪರದೆಯ ಆಚೆಗೆ ನೀರು ಮೊದಲಿನಂತೆ ಕಪ್ಪಾಗಿ ತಿಳಿಯಾಗಿಯೇ ಉಳಿಯಿತು. ವಿಮಾನದಿಂದ ತೆಗೆದ ಅದರ ಚಿತ್ರ ಲೋಕಪ್ರಸಿದ್ಧವಾಯಿತು. ಸಾರಜನಕ ಸಾಲದೆ ಹೋದರೂ ಕೆಲವು ನೀಲಿ-ಹಸಿರು ಪಾಚಿಗಳು ಅದನ್ನು ಗಾಳಿಯಿಂದ ತಂದುಕೊಳ್ಳಬಲ್ಲವು. ರಂಜಕ ಹಾಗೆ ಗಾಳಿಯಲ್ಲಿ ಸಿಗುವ ವಸ್ತುವಲ್ಲ. ಅದು ಹೊರಗಿನಿಂದ ಕೊಳಕ್ಕೆ ಬಂದು ಬೀಳಲೇಬೇಕು.

ಇದನ್ನು ವಿದ್ಯಾರ್ಥಿಗಳು ಚಿಕ್ಕದಾಗಿ ಮಾಡಿ ನೋಡಬಹುದು. ಒಂದೇ ಕೊಳದ ಸ್ವಲ್ಪ ಹಸಿರಾದ ನೀರನ್ನು ಎರಡು ಗಾಜಿನ ಸೀಸೆಗಳಿಗೆ ತುಂಬಿ, ಒಂದಕ್ಕೆ ಸೂಪರ್ ಫಾಸ್ಫೇಟ್ ಗೊಬ್ಬರದ ಒಂದೆರಡು ಹರಳನ್ನು ಹಾಕಿ, ಎರಡನ್ನೂ ಬೆಳಕು ಬರುವ ಒಂದೇ ಕಿಟಕಿಯಲ್ಲಿಡಿರಿ. ಬಾಯಿಯನ್ನು ಬಿಗಿಯಾಗಿ ಮುಚ್ಚಬಾರದು; ಸೊಳ್ಳೆ ಮೊಟ್ಟೆಯಿಡದಂತೆ ತೆಳು ಬಟ್ಟೆ ಕಟ್ಟಿದರೆ ಸಾಕು. ಎರಡು ವಾರ ದಿನಾಲೂ ಬಣ್ಣವನ್ನು ನೋಡಿ ಬರೆದಿಡಿರಿ.

ಇನ್ನು ಸ್ವಲ್ಪ ಲೆಕ್ಕ ಮಾಡೋಣ. ಪಾಚಿಯ ದೇಹದಲ್ಲಿ ರಂಜಕದ ಪಾಲು ಬಹಳ ಕಡಮೆ. ಆದ್ದರಿಂದಲೇ ಒಂದು ಗ್ರಾಂ ರಂಜಕದಿಂದ ಒಣ ತೂಕದಲ್ಲಿ ಸುಮಾರು ನೂರು ಗ್ರಾಂ ಪಾಚಿ ಬೆಳೆಯಬಲ್ಲದು. ಆ ಪಾಚಿ ಸತ್ತು ಪೂರ್ತಿಯಾಗಿ ಕೊಳೆಯುವಾಗ ಸುಮಾರು 140 ಗ್ರಾಂ ಆಮ್ಲಜನಕವನ್ನು ನುಂಗುತ್ತದೆ. ಬೇಸಗೆಯ ಬೆಚ್ಚನೆಯ ನೀರಿನಲ್ಲಿ, ಅಂದರೆ 30 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ, ಒಂದು ಲೀಟರಿಗೆ ಏಳೂವರೆ ಮಿಲಿಗ್ರಾಂ ಆಮ್ಲಜನಕ ಮಾತ್ರ ಕರಗಿರಬಲ್ಲದು. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲ, ಎರಡು ಮೀಟರ್ ಆಳದ ಒಂದು ಕೊಳವಿದೆಯೆನ್ನಿ. ಅದರಲ್ಲಿ ಎರಡು ಲಕ್ಷ ಲೀಟರ್ ನೀರು, ಆ ನೀರಿನಲ್ಲಿ ಹೆಚ್ಚೆಂದರೆ ಒಂದೂವರೆ ಕಿಲೋಗ್ರಾಂ ಆಮ್ಲಜನಕ. ಭಾಗಿಸಿ ನೋಡಿದರೆ, ಇಡೀ ಕೊಳದ ಆಮ್ಲಜನಕವನ್ನು ಮುಗಿಸುವಷ್ಟು ಪಾಚಿಯನ್ನು ಬೆಳೆಸಲು ಹತ್ತು ಹನ್ನೊಂದು ಗ್ರಾಂ ರಂಜಕ ಸಾಕು! ಸೂಪರ್ ಫಾಸ್ಫೇಟಿನಲ್ಲಿ ನೂರಕ್ಕೆ ಏಳು ಪಾಲು ರಂಜಕವಿರುವುದರಿಂದ ಅದು ಎರಡು ಮೂರು ಮುಷ್ಟಿ ಗೊಬ್ಬರದಲ್ಲಿದೆ. ಒಂದು ಹಸು ಒಂದು ದಿನಕ್ಕೆ ಹಾಕುವ ಸಗಣಿಯಲ್ಲಿಯೂ ಸುಮಾರು ಅಷ್ಟೇ ಇದೆ. ಹತ್ತು ಮಂದಿಯ ಒಂದು ದಿನದ ಮಲಮೂತ್ರಗಳಲ್ಲಿಯೂ ಇದೆ. ಗಾಳಿಯಿಂದ ಆಮ್ಲಜನಕ ನೀರಿಗೆ ಮತ್ತೆ ಬೆರೆಯುತ್ತಿರುವುದರಿಂದ ಈ ಅನಾಹುತ ಒಂದೇ ದಿನದಲ್ಲಿ ಆಗುವುದಿಲ್ಲ ಎಂಬುದು ನಿಜ. ಆದರೆ ದನಗಳು ದಿನವೂ ಇಳಿಯುವ, ಬಚ್ಚಲ ನೀರು ದಿನವೂ ಸೇರುವ ಕೊಳದ ಗತಿಯೇನೆಂಬುದನ್ನು ಪಾಲಕರು ಈ ಲೆಕ್ಕದಿಂದ ಊಹಿಸಿಕೊಳ್ಳಬಹುದು.

ಪಾಚಿ ಆಮ್ಲಜನಕವನ್ನು ಕೊಡುತ್ತದೆ ಎಂದು ಹೇಳಿ, ಈಗ ನುಂಗುತ್ತದೆ ಎನ್ನುತ್ತೀರಲ್ಲ ಎಂದು ಜಾಣ ವಿದ್ಯಾರ್ಥಿಯೊಬ್ಬನು ಕೇಳಬಹುದು. ಎರಡೂ ಸತ್ಯ. ಹಗಲಿನಲ್ಲಿ ಅದು ಉಸಿರಾಡುವುದಕ್ಕಿಂತ ಹೆಚ್ಚು ಆಮ್ಲಜನಕವನ್ನು ಉತ್ಪಾದಿಸುತ್ತದೆ. ರಾತ್ರಿ ಉತ್ಪಾದನೆ ನಿಲ್ಲುತ್ತದೆ, ಉಸಿರಾಟ ನಿಲ್ಲುವುದಿಲ್ಲ. ಪಾಚಿ ದಟ್ಟವಾದ ಕೊಳದಲ್ಲಿ ಮಧ್ಯಾಹ್ನ ಮೂರು ಗಂಟೆಗೆ ಆಮ್ಲಜನಕ ತುಂಬಿ ತುಳುಕುತ್ತಿದ್ದರೆ ಬೆಳಗಿನ ಜಾವಕ್ಕೆ ಬರಿದಾಗುತ್ತ ಬಂದಿರುತ್ತದೆ. ಸೂರ್ಯೋದಯದ ಮೊದಲು ಮೀನುಗಳು ಮೇಲೆ ಬಂದು ಬಾಯಿ ತೆರೆದು ತೆರೆದು ಮುಚ್ಚುತ್ತಿದ್ದರೆ ಅವು ಆಡುತ್ತಿಲ್ಲ, ಉಸಿರುಗಟ್ಟಿ ಒದ್ದಾಡುತ್ತಿವೆ. ಮೋಡ ಮುಚ್ಚಿದ ಎರಡು ದಿನ ಒಟ್ಟಿಗೆ ಬಂದರೆ, ಅಥವಾ ಪಾಚಿಯೆಲ್ಲ ಒಮ್ಮೆಲೇ ಸತ್ತರೆ, ಅವುಗಳ ಕತೆ ಮುಗಿಯಿತು. ಬೆಂಗಳೂರಿನ ಹಲಸೂರು ಕೆರೆಯಲ್ಲಿ 2016ರ ಮಾರ್ಚ್ ತಿಂಗಳಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದಾಗಲೂ, ಊರ ಕೊಳಚೆ ಸೇರಿ ನೀರಿನ ಆಮ್ಲಜನಕ ಕುಗ್ಗಿದುದೇ ಕಾರಣವೆಂದು ಹೇಳಲಾಯಿತು.

ಇಲ್ಲಿ ಗುಳ್ಳೆಗಳ ವಿಷಯ ಒಂದು ಮಾತು. ನಮ್ಮ ತಾಲೂಕಿನ ನೇತ್ರಾವಳಿಯಲ್ಲಿ ಗೋಪಿನಾಥ ದೇವಾಲಯದ ಬಳಿಯಿರುವ ‘ಬುಡಬುಡ್ಯಾಂಚಿ ತಳಿ’ಯನ್ನು ಬಹಳ ಮಂದಿ ನೋಡಿರಬಹುದು. ಅದರ ತಳದಿಂದ ಗುಳ್ಳೆಗಳು ಎಡೆಬಿಡದೆ ಮೇಲೇಳುತ್ತವೆ. ಅವು ನೆಲದೊಳಗಿನಿಂದ ಬರುವ ವಾಯು. ಮನೆಯ ಹೊಂಡದ ಪಾಚಿಯ ಜಡೆಯಲ್ಲಿ ಮುತ್ತು ಪೋಣಿಸಿದಂತೆ ಕಾಣುವ ಗುಳ್ಳೆಗಳೇ ಬೇರೆ. ಅವು ಬಿಸಿಲಿನಲ್ಲಿ ಪಾಚಿ ಬಿಟ್ಟ ಆಮ್ಲಜನಕ. ತಳದಲ್ಲಿ ಹುಟ್ಟಿದ ನೂಲಿನಂಥ ಪಾಚಿ ಈ ಗುಳ್ಳೆಗಳಿಂದ ಹಗುರಾಗಿ ಬಿಸಿಲೇರಿದ ಮೇಲೆ ಚಾಪೆಯಂತೆ ತೇಲಿ ಮೇಲಕ್ಕೆ ಬರುತ್ತದೆ. ‘ಬೆಳಗ್ಗೆ ಇರಲಿಲ್ಲ, ಸಂಜೆಗೆ ಎಲ್ಲಿಂದ ಬಂತು?’ ಎಂದು ಬೆರಗಾಗಬೇಕಾದ್ದಿಲ್ಲ.

ರಂಜಕದ ನಡತೆಯಲ್ಲಿ ನಮ್ಮ ಜಂಬುಮಣ್ಣಿಗೂ ಒಂದು ಪಾತ್ರವಿದೆ. ಈ ಮಣ್ಣಿನಲ್ಲಿ ತುಂಬಿರುವ ಕಬ್ಬಿಣದ ತುಕ್ಕು ರಂಜಕವನ್ನು ಗಟ್ಟಿಯಾಗಿ ಹಿಡಿದಿಡುತ್ತದೆ. ಕೊಳಕ್ಕೆ ಬಂದ ರಂಜಕದ ಬಹುಭಾಗ ಹೀಗೆ ತಳದ ಕೆಸರಿನಲ್ಲಿ ಸೆರೆಯಾಗಿರುತ್ತದೆ. ಇದು ನಮ್ಮ ಭಾಗ್ಯವೇ ಸರಿ. ಆದರೆ ತಳದಲ್ಲಿ ಎಲೆ, ಹೂವು, ಸತ್ತ ಪಾಚಿಗಳು ಕೊಳೆತು ಆಮ್ಲಜನಕ ಮುಗಿದುಹೋದರೆ ಕಬ್ಬಿಣದ ರೂಪ ಬದಲಾಗುತ್ತದೆ. ಅದರ ಹಿಡಿತ ಸಡಿಲಿ ವರ್ಷಗಟ್ಟಲೆ ಕೂಡಿಟ್ಟ ರಂಜಕ ಮತ್ತೆ ನೀರಿಗೆ ಬಿಡುಗಡೆಯಾಗುತ್ತದೆ. ಆಗ ಹೊರಗಿನಿಂದ ಒಂದು ಹಿಡಿ ಗೊಬ್ಬರವೂ ಬೀಳದಿದ್ದರೂ ಕೊಳ ತನ್ನ ಹಳೆಯ ಗಂಟಿನಿಂದಲೇ ಹಸಿರಾಗುತ್ತದೆ. ಪಾಚಿಯನ್ನು ಕೊಂದರೂ ಅದು ಮರಳುವುದೇಕೆಂಬುದಕ್ಕೆ ಉತ್ತರ ಇಲ್ಲಿದೆ. ಕೊಂದ ಪಾಚಿ ಎಲ್ಲಿಯೂ ಹೋಗಲಿಲ್ಲ. ಅದು ತಳಕ್ಕಿಳಿದು ಕೊಳೆತು, ತನ್ನಲ್ಲಿದ್ದ ರಂಜಕವನ್ನು ಮುಂದಿನ ಪೀಳಿಗೆಯ ಪಾಚಿಗೆ ಆಸ್ತಿಯಾಗಿ ಬಿಟ್ಟಿತು.

ಹತೋಟಿಯ ಮಾತಿಗೆ ಮೊದಲು, ಕೊಳದಲ್ಲಿರುವುದು ಯಾವ ಪಾಚಿಯೆಂಬುದನ್ನು ಗುರುತಿಸಬೇಕು. ಏಕೆಂದರೆ ಒಂದು ಬಗೆಯಲ್ಲಿ ಅಪಾಯವಿದೆ. ಒಂದು ಕೋಲನ್ನು ಅದ್ದಿ ಎತ್ತಿರಿ. ಕೋಲಿಗೆ ಹಸಿರು ನೂಲುಗಳು ಜೋತುಬಿದ್ದರೆ ಅದು ನೂಲುಪಾಚಿ. ನೋಡಲು ಅಸಹ್ಯವಾದರೂ ಸಾಧಾರಣವಾಗಿ ನಿರಪಾಯ. ಪಾಠಪುಸ್ತಕದಲ್ಲಿ ಬರುವ ಸ್ಪೈರೋಗೈರ ಈ ಜಾತಿಯದು. ಕೋಲು ಹಸಿರು ಬಣ್ಣದ ಡಬ್ಬಿಯಲ್ಲಿ ಅದ್ದಿ ತೆಗೆದಂತೆ ಕಂಡರೆ ಅದು ಮೈಕ್ರೋಸಿಸ್ಟಿಸ್‌ನಂಥ ನೀಲಿ-ಹಸಿರು ಪಾಚಿಯಿರಬಹುದು. ಇನ್ನೊಂದು ಪರೀಕ್ಷೆ: ಆ ನೀರನ್ನು ಗಾಜಿನ ಸೀಸೆಯಲ್ಲಿ ಒಂದು ರಾತ್ರಿ ಅಲುಗಾಡಿಸದೆ ಇಡಬೇಕು. ಹಸಿರೆಲ್ಲ ಮೇಲಕ್ಕೆ ಬಂದು ಕೆನೆಯಂತೆ ನಿಂತರೆ ನೀಲಿ-ಹಸಿರು ಪಾಚಿಯೆಂದೂ, ಕೆಳಗೆ ಇಳಿದರೆ ಬೇರೆ ಬಗೆಯದೆಂದೂ ಸ್ಥೂಲವಾಗಿ ತಿಳಿಯಬಹುದು. ಈ ಕೆಲಸಕ್ಕೆ ದೊಡ್ಡವರು ಜತೆಯಲ್ಲಿರಬೇಕು, ಬರಿಗೈಯಿಂದ ಮುಟ್ಟಬಾರದು.

ನೀಲಿ-ಹಸಿರು ಪಾಚಿಯ ಕೆಲವು ಜಾತಿಗಳು ವಿಷಕಾರಿಗಳು. ಆಸ್ಟ್ರೇಲಿಯದ ಅಲೆಗ್ಸಾಂಡ್ರಿನಾ ಸರೋವರದಲ್ಲಿ ಇಂಥ ಕೆನೆಯನ್ನು ಕುಡಿದು ಕುರಿ, ಕುದುರೆ, ಹಂದಿ, ನಾಯಿಗಳು ಸತ್ತ ಸಂಗತಿಯನ್ನು ಜಾರ್ಜ್ ಫ್ರಾನ್ಸಿಸ್ ಎಂಬವರು 1878ರಲ್ಲಿಯೇ ಪ್ರಕಟಿಸಿದ್ದರು. ಮೈಕ್ರೋಸಿಸ್ಟಿಸ್‌ನ ವಿಷ ಪಿತ್ತಜನಕಾಂಗವನ್ನು ಕೆಡಿಸುತ್ತದೆ. ತಾಯಂದಿರು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೆಂದರೆ, ನೀರನ್ನು ಕುದಿಸಿದರೆ ಈ ವಿಷ ಹೋಗುವುದಿಲ್ಲ. ಕುದಿಸಿದ ನೀರು ಸುರಕ್ಷಿತವೆಂಬ ನಮ್ಮ ನಂಬಿಕೆ ರೋಗಾಣುಗಳ ಮಟ್ಟಿಗೆ ಸರಿ. ಇಲ್ಲಿ ಅದು ನಡೆಯದು. ಬಣ್ಣದಂಥ ಕೆನೆ ಕಟ್ಟಿದ ಕೊಳದಲ್ಲಿ ಮಕ್ಕಳು ಈಜಬಾರದು, ದನಗಳಿಗೆ ನೀರು ಕುಡಿಸಬಾರದು, ಆ ನೀರನ್ನು ಅಡಿಗೆಗೂ ಕುಡಿಯುವುದಕ್ಕೂ ತರಬಾರದು. ಗಾಳಿ ಬೀಸುವ ದಿಕ್ಕಿನ ದಡದಲ್ಲಿ ಕೆನೆ ಒತ್ತರಿಸಿಕೊಂಡು ದಟ್ಟವಾಗುವುದರಿಂದ ಅಪಾಯವೂ ಆ ಮೂಲೆಯಲ್ಲಿಯೇ ಹೆಚ್ಚು.

ಈಗ ಮೈಲುತುತ್ತದ ವಿಚಾರ. ಅಡಕೆಯ ಕೊಳೆರೋಗಕ್ಕೆ ಸುಣ್ಣದೊಡನೆ ಬೆರೆಸಿ ಬೋರ್ಡೋ ದ್ರಾವಣ ಮಾಡಿ ಸಿಂಪಡಿಸುವ ಸಲುವಾಗಿ ತೋಟಗಾರರ ಮನೆಗಳಲ್ಲಿ ಅದು ಸುಲಭವಾಗಿ ಸಿಗುತ್ತದೆ. ಅದು ಪಾಚಿಯನ್ನು ಕೊಲ್ಲುವುದೇನೋ ದಿಟ. ಅಮೇರಿಕದಲ್ಲಿ ಮೂರ್ ಮತ್ತು ಕೆಲ್ಲರ್‌ಮನ್ ಎಂಬವರು 1904ರಲ್ಲಿಯೇ ಜಲಾಶಯಗಳಿಗೆ ಈ ಉಪಾಯವನ್ನು ಸೂಚಿಸಿದರು. ಆದರೆ ಅವರು ಹೇಳಿದ್ದು ಅಳೆದು ತೂಗಿ ಹಾಕುವ ಅತ್ಯಲ್ಪ ಪ್ರಮಾಣವನ್ನು. ನಮ್ಮವರು ಹಾಕುವುದು ಕೈಗೆ ಬಂದಷ್ಟು. ಜಂಬುಮಣ್ಣಿನ ಸೀಮೆಯ ನೀರು ಸಾಮಾನ್ಯವಾಗಿ ಮೆದುವಾದ ನೀರು. ಅಂಥ ನೀರಿನಲ್ಲಿ ತಾಮ್ರ ಮೀನಿಗೆ ಮತ್ತಷ್ಟು ಘಾತಕ. ಪಾಚಿಯೆಲ್ಲ ಒಮ್ಮೆಲೇ ಸತ್ತು ಆಮ್ಲಜನಕ ಮುಗಿಯುವುದು ಒಂದು ಕೇಡು. ವಿಷಪಾಚಿಯಾದರೆ ಅದರ ಕೋಶಗಳು ಒಡೆದು ಒಳಗಿದ್ದ ವಿಷವೆಲ್ಲ ನೀರಿಗೆ ಸೇರುವುದು ಇನ್ನೊಂದು ಕೇಡು. ತಾಮ್ರವಾದರೋ ಕರಗಿ ಕಾಣೆಯಾಗುವ ವಸ್ತುವಲ್ಲ, ಕೆಸರಿನಲ್ಲಿ ಉಳಿಯುತ್ತದೆ. ಆ ಕೆಸರು ಮುಂದೆ ಗದ್ದೆಗೆ ಹೋಗುತ್ತದೆ. ಊರ ಕೊಳಕ್ಕೆ ಮೈಲುತುತ್ತ ಬೇಡವೇ ಬೇಡ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಪಟಿಕವು ರಂಜಕವನ್ನು ಕಟ್ಟಿ ತಳಕ್ಕೆ ಇಳಿಸುತ್ತದೆಂಬುದು ನಿಜವಾದರೂ ಮೆದು ನೀರನ್ನು ಅದು ಹುಳಿಯಾಗಿಸಿ ಮೀನುಗಳನ್ನು ಕೊಲ್ಲಬಲ್ಲದು. ತಿಳಿದವರ ಸಲಹೆಯಿಲ್ಲದೆ ಅದನ್ನೂ ಹಾಕಬಾರದು.

ಹುಲ್ಲುಗೆಂಡೆ ಮೀನನ್ನು ಬಿಟ್ಟರೆ ಎಲ್ಲವನ್ನೂ ತಿಂದು ಶುಚಿಮಾಡುತ್ತದೆಂದು ಹಲವರು ನಂಬುತ್ತಾರೆ. ಅದು ತಿನ್ನುವುದು ಹೆಚ್ಚಾಗಿ ನೀರಿನ ಗಿಡಗಳನ್ನು. ತಿಂದದ್ದರಲ್ಲಿ ಬಹುಪಾಲು ಹಿಕ್ಕೆಯಾಗಿ ಕೊಳಕ್ಕೇ ಮರಳುತ್ತದೆ. ಮೀನನ್ನು ಹಿಡಿದು ಹೊರತೆಗೆದಾಗ ಮಾತ್ರ ಅದರ ಮೈಯಲ್ಲಿ ಸೇರಿದ ರಂಜಕ ಹೊರಗೆ ಹೋಯಿತೆಂದು ತಿಳಿಯಬೇಕು. ಕೊಳದ ಒಂದು ಭಾಗದಲ್ಲಿ ತಾವರೆ ನೈದಿಲೆಗಳಿದ್ದರೆ ನೆರಳಾಗಿ ಪಾಚಿ ತಗ್ಗುತ್ತದೆ. ದಂಡೆಯಲ್ಲಿ ಲಾವಂಚವನ್ನು ನೆಟ್ಟರೆ ಅದರ ಬೇರು ಮಣ್ಣನ್ನೂ ಹಿಡಿಯುತ್ತದೆ, ಹರಿದುಬರುವ ಸಾರವನ್ನೂ ಹೀರುತ್ತದೆ. ಇವನ್ನೂ ಕಾಲಕಾಲಕ್ಕೆ ಕೊಯ್ದು ಹೊರಹಾಕಬೇಕು.

ಎಲ್ಲಕ್ಕಿಂತ ಮೊದಲು ಮಾಡಬೇಕಾದ ಕೆಲಸಕ್ಕೆ ಹಣ ಬೇಕಾಗಿಲ್ಲ. ಬಟ್ಟೆ ಒಗೆಯುವ ಕಲ್ಲನ್ನು ದಂಡೆಯಿಂದ ಹತ್ತಿಪ್ಪತ್ತು ಹೆಜ್ಜೆ ದೂರಕ್ಕೆ ಸಾಗಿಸಿ, ಆ ನೀರು ತೆಂಗಿನ ಬುಡಕ್ಕೆ ಹೋಗುವಂತೆ ಕಾಲುವೆ ತೆಗೆಯಬೇಕು. ಕೊಳದಲ್ಲಿ ಪಾಚಿಯಾಗುವ ವಸ್ತು ಅಲ್ಲಿ ಕಾಯಿಯಾಗುತ್ತದೆ. ದನಗಳನ್ನು ನೀರಿಗಿಳಿಸುವ ಬದಲು ಹೊರಗೆ ತೊಟ್ಟಿಯಲ್ಲಿ ನೀರುಣಿಸಬೇಕು. ಗೊಬ್ಬರದ ಗುಂಡಿ ಕೊಳದ ಮೇಲುಗಡೆಯಲ್ಲಿದ್ದರೆ ಮೊದಲ ಮಳೆಗೇ ಅದರ ರಸ ಇಳಿದುಬರುತ್ತದೆ. ಅದನ್ನು ಬೇರೆ ಕಡೆಗೆ ಸಾಗಿಸಬೇಕು. ಪಾಯಿಖಾನೆಯ ನೀರನ್ನು ಕೊಳಕ್ಕೆ ಬಿಡುವುದಂತೂ ಪಾಪವೇ ಸರಿ. ಚೌತಿಯ ಕಾಲದಲ್ಲಿ ಮಣ್ಣಿನ ಗಣಪತಿಯ ಮಣ್ಣು ಅಷ್ಟೊಂದು ತೊಂದರೆ ಕೊಡದು. ಅದರೊಡನೆ ಬರುವ ಹೂವು, ಪತ್ರೆ, ಮಾಟೋಳಿಯ ಹಣ್ಣುಕಾಯಿಗಳು ತಳದಲ್ಲಿ ಕೊಳೆಯುತ್ತವೆ. ಅವನ್ನು ವಿಸರ್ಜನೆಗೆ ಮೊದಲೇ ಬೇರ್ಪಡಿಸಿ ತೋಟದ ಮಣ್ಣಿಗೆ ಸೇರಿಸಿದರೆ ಭಕ್ತಿಗೆ ಯಾವ ಕೊರತೆಯೂ ಆಗದು.

ಎರಡನೆಯ ಕೆಲಸ ಬಂದಿರುವ ಪಾಚಿಯನ್ನು ಹೊರತೆಗೆಯುವುದು. ನೂಲುಪಾಚಿಯನ್ನು ಬಿದಿರಿನ ಹಲ್ಲುಗೋಲಿನಿಂದ ಎಳೆಯಬಹುದು. ಬಿಸಿಲೇರಿದ ಮೇಲೆ ಅದು ತೇಲಿ ಬಂದಾಗ ಕೆಲಸ ಸುಲಭ. ತೆಳುವಾದ ಕೆನೆಯಾದರೆ ಗಾಳಿ ಒಯ್ದು ಸೇರಿಸಿದ ಮೂಲೆಯಲ್ಲಿ ಹಳೆಯ ಪಂಚೆಯನ್ನು ಬಲೆಯಂತೆ ಹಿಡಿದು ಎತ್ತಬಹುದು. ಎತ್ತುವವರು ಕೈಗೆ ರಬ್ಬರಿನ ಚೀಲ ತೊಡಬೇಕು, ಮಕ್ಕಳು ದೂರವಿರಬೇಕು, ತೆಗೆದದ್ದನ್ನು ದನಕ್ಕೆ ಹಾಕಬಾರದು.

ಮೂರನೆಯದು ಹೂಳು ತೆಗೆಯುವುದು. ಕನ್ನಡನಾಡಿನ ಹಳ್ಳಿಗಳಲ್ಲಿ ಬೇಸಗೆಯಲ್ಲಿ ಕೆರೆ ಬತ್ತಿದಾಗ ರೈತರು ಕರಿ ಹೂಳನ್ನು ಗಾಡಿಗಟ್ಟಲೆ ಹೊಲಕ್ಕೆ ಹೊಡೆಯುತ್ತಿದ್ದರು. ಅವರಿಗೆ ರಂಜಕದ ಹೆಸರು ಗೊತ್ತಿರಲಿಲ್ಲ, ಆದರೆ ಹೂಳು ಬಿದ್ದ ಹೊಲ ಚೆನ್ನಾಗಿ ಬೆಳೆಯುವುದು ಗೊತ್ತಿತ್ತು. ಗೊಬ್ಬರದ ಚೀಲ ಅಂಗಡಿಯಲ್ಲಿ ಸಿಗತೊಡಗಿದ ಮೇಲೆ ಈ ರೂಢಿ ಹಿಂದೆ ಬಿತ್ತು. ಹೊಲವೂ ಕೆರೆಯೂ ಅದರಿಂದ ನಷ್ಟ ಅನುಭವಿಸಿದವು. ನಮ್ಮ ನೆರೆಯ ಕುಡಚಡೆಯ ನಂದಾ ಕೆರೆಯಲ್ಲಿ ಮಳೆಗಾಲದ ನಂತರ ನೀರನ್ನು ತಡೆದು ನಿಲ್ಲಿಸಿ, ತೂಬಿನ ಕೆಳಗಿನ ಗದ್ದೆಗಳಲ್ಲಿ ಭತ್ತ ಬೆಳೆಯುತ್ತಾರೆ. 2022ರಲ್ಲಿ ಇದು ರಾಮ್ಸಾರ್ ಪಟ್ಟಿಗೆ ಸೇರಿ, ಜಾಗತಿಕ ಮಹತ್ವದ ಜೌಗುಭೂಮಿಯೆಂದು ಮಾನ್ಯತೆ ಪಡೆದ ಗೋವೆಯ ಮೊದಲನೆಯ ಸ್ಥಳವಾಯಿತು. ಹೀಗೆ ಗದ್ದೆಗೆ ಹರಿದ ನೀರಿನೊಡನೆ ರಂಜಕವೂ ಹೋಗಿ ಪಾಚಿಯಾಗುವ ಬದಲು ಭತ್ತವಾಗುತ್ತದೆ.

ಹೂಳು ತೆಗೆಯಲು ಯೋಗ್ಯವಾದ ಕಾಲ ಏಪ್ರಿಲ್ ಮತ್ತು ಮೇ. ತಳವನ್ನು ಅತಿಯಾಗಿ ಅಗೆದು ನೀರು ಇಂಗಿಹೋಗುವಂತೆ ಮಾಡಬಾರದು. ಮೆತ್ತಗಿರುವ ಕರಿಯ ಪದರವನ್ನು ತೆಗೆದರೆ ಸಾಕು. ತೆಗೆದ ಹೂಳನ್ನೂ ಪಾಚಿಯನ್ನೂ ದಂಡೆಯ ಮೇಲೆಯೇ ರಾಶಿ ಹಾಕಿ ‘ನಾಳೆ ಸಾಗಿಸೋಣ’ ಎಂದು ಬಿಡುವುದು ಎಲ್ಲೆಡೆ ಕಾಣುವ ಪದ್ಧತಿ. ಹಾಗೆ ಬಿಟ್ಟ ರಾಶಿ ಜೂನ್ ತಿಂಗಳ ಮೊದಲ ಮಳೆಗೆ ಪೂರ್ತಿಯಾಗಿ ಕೊಳಕ್ಕೇ ಇಳಿಯುತ್ತದೆ. ಕೊಳದ ಕಡೆಗೆ ಇಳಿಜಾರಿಲ್ಲದ ಜಾಗದಲ್ಲಿ ಒಂದು ವಾರ ಒಣಗಿಸಿ, ಮೇ ತಿಂಗಳು ಮುಗಿಯುವುದರೊಳಗೆ ತೆಂಗು ಅಡಕೆಗಳ ಬುಡಕ್ಕೆ ಹಾಕಿ ಮಣ್ಣು ಮುಚ್ಚಬೇಕು.